ಹಿತ್ತಲಿನ ಚಕ್ರಮುನಿ: ನೆಡುವ, ಸವರುವ, ಬೇಯಿಸಿ ಉಣ್ಣುವ ಕ್ರಮ

ಮನೆಯಲ್ಲೇ ಸೊಪ್ಪು ಬೆಳೆಯಲು ಹೊರಟವರು ಸಾಮಾನ್ಯವಾಗಿ ಹರಿವೆ, ಮೆಂತ್ಯ, ಪಾಲಕಗಳಿಂದ ಆರಂಭಿಸುತ್ತಾರೆ. ಬಿತ್ತಿದ ಒಂದು ತಿಂಗಳೊಳಗೆ ಸೊಪ್ಪು ಕೈಗೆ ಬರುವುದರಿಂದ ಅವುಗಳ ಮೇಲೆ ಆಸೆ ಮೂಡುವುದು ಸಹಜ. ಆದರೆ ಎರಡು ಮೂರು ಕೊಯ್ಲಿನಲ್ಲಿ ಪಾತಿ ಬರಿದಾಗುತ್ತದೆ. ಮತ್ತೆ ಮಣ್ಣು ಸಡಿಲಿಸಬೇಕು, ಮತ್ತೆ ಬೀಜ ಎರಚಬೇಕು, ಇರುವೆಗಳು ಹೊತ್ತೊಯ್ಯದಂತೆ ಕಾಯಬೇಕು. ಮಲೆನಾಡಿನಲ್ಲಿ ಮತ್ತು ಕರಾವಳಿಯಲ್ಲಿ ಜುಲೈ ತಿಂಗಳ ಮಳೆಗೆ ಎಳೆಯ ಹರಿವೆ ನೆಲ ಕಚ್ಚಿ ಕೊಳೆತರೆ, ಬಯಲುಸೀಮೆಯಲ್ಲಿ ಏಪ್ರಿಲ್ ಬಿಸಿಲಿಗೆ ಅದೇ ಹರಿವೆ ಗೇಣುದ್ದ ಬೆಳೆಯುವ ಮೊದಲೇ ಹೂ ಬಿಟ್ಟುಬಿಡುತ್ತದೆ. ಹೀಗೆ ನಾಲ್ಕಾರು ಬಾರಿ ಬಿತ್ತಿ ದಣಿದವರಿಗೆ ಮತ್ತು ವಾರಕ್ಕೊಂದು ಗಂಟೆಗಿಂತ ಹೆಚ್ಚು ಹೊತ್ತನ್ನು ಗಿಡಗಳಿಗೆ ಕೊಡಲಾಗದವರಿಗೆ ನಾನು ಹೇಳುವ ಗಿಡ ಚಕ್ರಮುನಿ.

ಚಕ್ರಮುನಿ ಬಹುವಾರ್ಷಿಕ ಪೊದೆ. ಒಮ್ಮೆ ಬೇರೂರಿದರೆ ವರ್ಷಗಟ್ಟಲೆ ಅದೇ ಜಾಗದಲ್ಲಿ ನಿಂತು, ಕತ್ತರಿಸಿದಷ್ಟೂ ಚಿಗುರುತ್ತಾ ಸೊಪ್ಪು ಕೊಡುತ್ತದೆ. ಅರೆನೆರಳನ್ನು ಸಹಿಸುತ್ತದೆ, ಜೋರು ಮಳೆಯನ್ನು ಸಹಿಸುತ್ತದೆ, ಒಂದೆರಡು ವಾರ ನೀರು ಸಿಗದಿದ್ದರೆ ಎಲೆ ಉದುರಿಸಿಕೊಂಡಾದರೂ ಜೀವ ಹಿಡಿದಿರುತ್ತದೆ. ಇಷ್ಟೆಲ್ಲ ಕೊಡುವ ಗಿಡ ನಮ್ಮಿಂದ ಕೇಳುವುದು ಎರಡನ್ನು ಮಾತ್ರ: ಅದನ್ನು ಆಗಾಗ ಸವರಬೇಕು, ಮತ್ತು ಅದರ ಸೊಪ್ಪನ್ನು ಬೇಯಿಸಿ, ಮಿತವಾಗಿ ತಿನ್ನಬೇಕು. ಮೊದಲನೆಯದನ್ನು ಮರೆತರೆ ಸೊಪ್ಪು ಸಿಗುವುದಿಲ್ಲ ಅಷ್ಟೆ. ಎರಡನೆಯದನ್ನು ಮರೆತರೆ ಆರೋಗ್ಯಕ್ಕೇ ಅಪಾಯವಿದೆ. ಈ ಎರಡನೆಯ ಮಾತನ್ನು ನಮ್ಮಲ್ಲಿ ಹೇಳುವವರು ಕಡಿಮೆಯಾದ್ದರಿಂದ ಮುಂದೆ ಅದನ್ನು ವಿವರವಾಗಿಯೇ ಬರೆದಿದ್ದೇನೆ.

ಗಿಡದ ಗುರುತು

ಚಕ್ರಮುನಿಯನ್ನು ಕೆಲವರು ವಿಟಮಿನ್ ಸೊಪ್ಪು ಎಂದೂ, ನರ್ಸರಿಯವರು ಮಲ್ಟಿವಿಟಮಿನ್ ಗಿಡ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಾರೋಪಸ್ ಆಂಡ್ರೋಗೈನಸ್. ಈಚಿನ ವರ್ಗೀಕರಣದಲ್ಲಿ ಬ್ರೈನಿಯಾ ಆಂಡ್ರೋಗೈನಾ ಎಂದೂ ಬರೆಯುತ್ತಾರೆ. ನಮ್ಮ ನೆಲ್ಲಿ ಮತ್ತು ಕಿರುನೆಲ್ಲಿಗಳು ಸೇರಿದ ಕುಟುಂಬಕ್ಕೇ ಇದೂ ಸೇರಿದೆ. ಕಿರುನೆಲ್ಲಿಯ ಕಡ್ಡಿಯನ್ನು ನೋಡಿ ಬಲ್ಲವರಿಗೆ ಚಕ್ರಮುನಿಯ ರೆಂಬೆ ಅದನ್ನೇ ಹತ್ತಾರು ಪಟ್ಟು ಹಿಗ್ಗಿಸಿದಂತೆ ಕಾಣುತ್ತದೆ. ಭಾರತದಿಂದ ಹಿಡಿದು ಆಗ್ನೇಯ ಏಷ್ಯಾದವರೆಗೆ ಇದು ಬೆಳೆಯುತ್ತದೆ. ಇಂಡೋನೇಷ್ಯಾದಲ್ಲಿ ಇದು ಕಾತುಕ್. ಮಲೇಷ್ಯಾದಲ್ಲಿ ಚೆಕುರ್ ಮಾನಿಸ್ ಅಥವಾ ಸಾಯುರ್ ಮಾನಿಸ್, ಎಂದರೆ ಸಿಹಿ ಸೊಪ್ಪು. ಆ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಪೇಟೆಯಲ್ಲಿ ಈ ಹೆಸರುಗಳಿಂದ ಕೇಳಿದರೆ ಸೊಪ್ಪೂ ಸಿಗುತ್ತದೆ, ನೆಡಲು ಕಡ್ಡಿಯೂ ಸಿಗುತ್ತದೆ.

ಗಿಡ ನೆಟ್ಟಗೆ ಬೆಳೆಯುತ್ತದೆ. ಹಾಗೇ ಬಿಟ್ಟರೆ ಆಳೆತ್ತರವನ್ನೂ ಮೀರುತ್ತದೆ. ಎಳೆಯ ರೆಂಬೆಗಳು ಹಸಿರಾಗಿ, ಬಾಗಿಕೊಂಡಿರುತ್ತವೆ. ಅವುಗಳ ಎರಡೂ ಬದಿಗೆ ಸಾಲಾಗಿ, ಒಂದಾದ ಮೇಲೊಂದರಂತೆ ಅಂಡಾಕಾರದ ಎಲೆಗಳಿರುತ್ತವೆ. ಎಲೆಯ ಮೇಲ್ಭಾಗ ದಟ್ಟ ಹಸಿರು. ಕೆಲವು ಗಿಡಗಳಲ್ಲಿ ನಡುವೆ ಮಾಸಲು ಬಿಳಿಯ ಮಚ್ಚೆ ಕಾಣುತ್ತದೆ. ರೆಂಬೆಯನ್ನು ಎತ್ತಿ ತಳಭಾಗ ನೋಡಿದರೆ ಎಲೆಯ ಬುಡದಲ್ಲಿ ಕೆಂಪು ಛಾಯೆಯ, ಸಣ್ಣ ಬಿಲ್ಲೆಯಂತಹ ಹೂಗಳು ತೂಗುತ್ತಿರುತ್ತವೆ. ಹೆಣ್ಣು ಹೂ ಕಾಯಿಗಟ್ಟಿದಾಗ ಕೆಂಪು ತೊಟ್ಟಿನ ಕೆಳಗೆ ಬಿಳಿಯ ಗುಂಡು ಕಾಯಿ ಇಳಿಬಿದ್ದು, ಹಳೆಯ ಕಾಲದ ಕಿವಿಯೋಲೆಯ ನೆನಪು ತರುತ್ತದೆ. ಗುರುತು ಖಚಿತವಾಗಲು ಇನ್ನೊಂದು ಪರೀಕ್ಷೆ ಇದೆ. ಚಕ್ರಮುನಿಯ ಎಳೆಯ ಕಡ್ಡಿಯನ್ನು ಮುರಿದರೆ ಹಾಲು ಬರುವುದಿಲ್ಲ. ಬಿಳಿ ಹಾಲು ಒಸರಿದರೆ ಅದು ಬೇರೆ ಗಿಡ, ಅದನ್ನು ಅಡುಗೆಮನೆಗೆ ತರಬಾರದು. ಕಾಡಂಚಿನಲ್ಲಿ ಇದನ್ನೇ ಹೋಲುವ ಪೊದೆಗಳು ಹಲವು ಇರುವುದರಿಂದ, ಮೊದಲ ಗಿಡವನ್ನು ಬೇಲಿಸಾಲಿನಿಂದ ಕಿತ್ತು ತರದೆ, ವರ್ಷಗಳಿಂದ ಬೆಳೆದು ಉಣ್ಣುತ್ತಿರುವ ಮನೆಯಿಂದಲೋ ನಂಬಿಕೆಯ ನರ್ಸರಿಯಿಂದಲೋ ತರುವುದು ಒಳ್ಳೆಯದು.

ಕಡ್ಡಿ ಆಯ್ದು ನೆಡುವುದು

ಬೀಜದಿಂದಲೂ ಸಸಿ ಮಾಡಬಹುದು. ಆದರೆ ಹಣ್ಣಿನಿಂದ ತೆಗೆದ ಬೀಜವನ್ನು ತಡಮಾಡದೆ ಬಿತ್ತಬೇಕು, ಮೊಳಕೆಗೆ ಕಾಯಬೇಕು, ಆ ಬಳಿಕ ಸಸಿ ಗಟ್ಟಿಯಾಗುವುದಕ್ಕೆ ಇನ್ನಷ್ಟು ಕಾಯಬೇಕು. ಕಡ್ಡಿ ನೆಡುವುದು ಇದಕ್ಕಿಂತ ಎಷ್ಟೋ ಸುಲಭವಾಗಿರುವಾಗ ಬೀಜದ ಗೊಡವೆ ಮನೆಯವರಿಗೆ ಬೇಡ.

ಕಡ್ಡಿಯ ಆಯ್ಕೆಯಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ತುದಿಯ ಹಸಿರು ಕುಡಿ ಬೇಗ ಬಾಡಿ ಕೊಳೆಯುತ್ತದೆ. ಬುಡದ ಹಳೆಯ ಕಾಂಡ ಬೇರು ಬಿಡಲು ಬಹಳ ದಿನ ತೆಗೆದುಕೊಳ್ಳುತ್ತದೆ. ಇವೆರಡರ ನಡುವಿನ, ಹಸಿರು ಮಾಸಿ ಕಂದು ಬಣ್ಣಕ್ಕೆ ತಿರುಗುತ್ತಿರುವ, ಪೆನ್ಸಿಲ್ ಗಾತ್ರದ ಭಾಗವೇ ಸರಿಯಾದದ್ದು. ಅದನ್ನು 15ರಿಂದ 20 ಸೆಂಟಿಮೀಟರ್ ಉದ್ದಕ್ಕೆ, ನಾಲ್ಕು ಗೆಣ್ಣುಗಳಾದರೂ ಇರುವಂತೆ ಹರಿತವಾದ ಕತ್ತರಿಯಿಂದ ಕತ್ತರಿಸಿ. ಬುಡದ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ಮೇಲಿನ ತುದಿಯನ್ನು ನೇರವಾಗಿ ಕತ್ತರಿಸುವ ಅಭ್ಯಾಸ ಇಟ್ಟುಕೊಂಡರೆ ನೆಡುವಾಗ ತಲೆ ಯಾವುದು ಬುಡ ಯಾವುದು ಎಂಬ ಗೊಂದಲ ಇರುವುದಿಲ್ಲ. ತಲೆಕೆಳಗಾಗಿ ನೆಟ್ಟ ಕಡ್ಡಿ ಚಿಗುರುವುದಿಲ್ಲ ಎಂಬುದು ಹೊಸಬರಿಗೆ ಕೊನೆಯವರೆಗೂ ಹೊಳೆಯದೆ, ಮಣ್ಣನ್ನೋ ಗೊಬ್ಬರವನ್ನೋ ದೂರುತ್ತಾರೆ. ಎಲೆಗಳನ್ನೆಲ್ಲ ತೆಗೆದು, ತುದಿಯಲ್ಲಿ ಒಂದೆರಡು ಎಲೆ ಮಾತ್ರ ಉಳಿಸಿ. ಕತ್ತರಿಸಿದ ಕಡ್ಡಿಯನ್ನು ಅದೇ ದಿನ ನೆಡಲು ಆಗದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಟ್ಟು ಮರುದಿನ ನೆಡಬಹುದು.

ನೇರವಾಗಿ ನೆಲದಲ್ಲಿ ನೆಡುವುದಕ್ಕಿಂತ ಮೊದಲು ಚಿಕ್ಕ ಚೀಲಗಳಲ್ಲಿ ಬೇರು ಬರಿಸಿಕೊಳ್ಳುವುದು ನನ್ನ ರೂಢಿ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಸೇರಿಸಿ ಚೀಲ ತುಂಬಬೇಕು. ಮರಳು ಸಿಗದ ಊರಿನಲ್ಲಿ ತೆಂಗಿನ ನಾರಿನ ಪುಡಿ ಬಳಸಬಹುದು. ಎರಡು ಗೆಣ್ಣು ಮಣ್ಣಿನೊಳಗೆ, ಎರಡು ಗೆಣ್ಣು ಹೊರಗೆ ಇರುವಂತೆ ಕಡ್ಡಿಯನ್ನು ಊರಿ, ಸುತ್ತಲ ಮಣ್ಣನ್ನು ಬೆರಳಿನಿಂದ ಒತ್ತಿ, ನೀರು ಹನಿಸಿ ನೆರಳಿನಲ್ಲಿಡಿ. ಎರಡು ವಾರದೊಳಗೆ ಹಸಿರು ಮೊಗ್ಗು ಕಾಣಿಸಿದರೂ ಅವಸರ ಬೇಡ. ಕಡ್ಡಿಯಲ್ಲಿ ಉಳಿದಿರುವ ಸಾರದಿಂದಲೇ ಮೊದಲ ಚಿಗುರು ಬರುತ್ತದೆ. ಆಗ ಕೆಳಗೆ ಬೇರು ಇರಬೇಕೆಂದೇನೂ ಇಲ್ಲ. ಬೇರು ಬಂದಿದೆಯೇ ಎಂದು ಎಳೆದು ನೋಡುವ ಚಪಲವನ್ನು ತಡೆದುಕೊಂಡು ಐದಾರು ವಾರ ಕಾದರೆ, ಚಿಗುರು ಎಲೆಗಳಾಗಿ ಹರಡಿ, ಚೀಲದ ತಳದ ರಂಧ್ರಗಳಲ್ಲಿ ಬಿಳಿ ಬೇರುಗಳು ಕಾಣುತ್ತವೆ. ಅದೇ ನಾಟಿಗೆ ಸೂಚನೆ.

ಕಾಲದ ವಿಷಯದಲ್ಲಿ ಒಂದೇ ಸೂತ್ರ ಇಡೀ ರಾಜ್ಯಕ್ಕೆ ಹೊಂದುವುದಿಲ್ಲ. ಮಲೆನಾಡು ಮತ್ತು ಕರಾವಳಿಯವರು ಮೇ ತಿಂಗಳಲ್ಲಿ ಚೀಲಕ್ಕೆ ಕಡ್ಡಿ ಊರಿ, ಆರಿದ್ರಾ ಮಳೆಯ ಹೊತ್ತಿಗೆ ನೆಲಕ್ಕೆ ಇಳಿಸಿದರೆ ಪುನರ್ವಸು, ಪುಷ್ಯ ಮಳೆಗಳ ಹೊಡೆತ ಬೀಳುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಆ ಜಡಿಮಳೆಯಲ್ಲೇ ಬರಿಯ ಕಡ್ಡಿಯನ್ನು ನೆಲಕ್ಕೆ ಊರಿದರೆ ಬಹುಪಾಲು ಕೊಳೆಯುತ್ತವೆ. ಬಯಲುಸೀಮೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವಾಗ ನೆಟ್ಟರೂ ನಡೆಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕಡ್ಡಿ ಸಾಯದಿದ್ದರೂ ಚಿಗುರದೆ ಸುಮ್ಮನೆ ಕೂತಿರುತ್ತದೆ.

ಜಾಗ, ಮಣ್ಣು, ಕುಂಡ

ಬೆಳಗಿನ ಮೂರು ನಾಲ್ಕು ಗಂಟೆಯ ಬಿಸಿಲು ಬಿದ್ದು, ಮಧ್ಯಾಹ್ನದ ಬಳಿಕ ನೆರಳಾಗುವ ಜಾಗ ಚಕ್ರಮುನಿಗೆ ಅತ್ಯಂತ ಹಿತ. ತೆಂಗಿನ ಮರಗಳ ನಡುವಿನ ಜಾಗ, ಮನೆಯ ಪೂರ್ವದ ಗೋಡೆಯ ಬದಿ, ಬಚ್ಚಲ ನೀರು ಹರಿದುಹೋಗುವ ದಂಡೆ ಇವೆಲ್ಲ ಸೂಕ್ತವೇ. ಆದರೆ ಬಚ್ಚಲ ನೀರಿನಲ್ಲಿ ಡಿಟರ್ಜೆಂಟ್ ಹೆಚ್ಚಿದ್ದರೆ ಸೊಪ್ಪಿನ ಗಿಡವನ್ನು ಅಲ್ಲಿ ನೆಡಬಾರದು. ಪೂರ್ತಿ ಬಿಸಿಲಿನಲ್ಲಿಯೂ ಗಿಡ ಬದುಕುತ್ತದೆ. ಎಲೆ ಮಾತ್ರ ಚಿಕ್ಕದಾಗಿ, ದಪ್ಪಗೆ, ಬೇಗ ಬಲಿತುಬಿಡುತ್ತದೆ. ಅರೆನೆರಳಿನ ಎಲೆ ಅಗಲವಾಗಿಯೂ ತೆಳುವಾಗಿಯೂ ಇರುತ್ತದೆ, ಅಡುಗೆಗೆ ಅದೇ ರುಚಿ.

ಮಣ್ಣು ಎಂತಹದಾದರೂ ಆದೀತು, ನೀರು ನಿಲ್ಲಬಾರದು ಅಷ್ಟೆ. ಒಂದೂವರೆ ಅಡಿ ಆಳ ಮತ್ತು ಅಗಲದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿದರೆ ಸಾಕು. ಬಿಡಿ ಗಿಡಗಳಾಗಿ ಬೆಳೆಸುವುದಾದರೆ ಎರಡು ಎರಡೂವರೆ ಅಡಿ ಅಂತರ ಇರಲಿ. ಬೇಲಿಯಾಗಿ ಬೆಳೆಸುವುದಾದರೆ ಒಂದರಿಂದ ಒಂದೂವರೆ ಅಡಿಗೊಂದು ನೆಟ್ಟು ಸಾಲು ಮಾಡಬಹುದು. ನಾಲ್ಕು ಜನರ ಮನೆಗೆ ನಾಲ್ಕೈದು ಗಿಡ ಬೇಕಾದಷ್ಟಾಯಿತು. ಹತ್ತು ಗಿಡ ನೆಟ್ಟವರು ಸೊಪ್ಪು ಹೆಚ್ಚಾಯಿತೆಂದು ದಿನವೂ ತಿನ್ನಲು ತೊಡಗುತ್ತಾರೆ, ಅದು ಬೇಡ.

ತಾರಸಿಯಲ್ಲೂ ಬಾಲ್ಕನಿಯಲ್ಲೂ ಇದು ಚೆನ್ನಾಗಿಯೇ ಬರುತ್ತದೆ. ಹನ್ನೆರಡು ಅಂಗುಲಕ್ಕಿಂತ ಚಿಕ್ಕ ಕುಂಡವಾದರೆ ಒಂದೇ ವರ್ಷದಲ್ಲಿ ಬೇರು ಸುರುಳಿಗಟ್ಟಿ ಚಿಗುರು ಸೊರಗುತ್ತದೆ. ಹದಿನೈದು ಅಂಗುಲದ ಗ್ರೋಬ್ಯಾಗ್ ಅಥವಾ ತಳಕ್ಕೆ ರಂಧ್ರ ಮಾಡಿದ ಹಳೆಯ ಬಕೆಟ್ ಒಳ್ಳೆಯದು. ಕುಂಡದ ಗಿಡಕ್ಕೆ ಬೇಸಿಗೆಯಲ್ಲಿ ದಿನವೂ ನೀರು ಬೇಕು. ಎರಡು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುನ್ನ, ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ, ಹೆಂಟೆಯನ್ನು ಹೊರತೆಗೆದು, ಸುತ್ತಲ ಬೇರನ್ನು ಎರಡು ಬೆರಳಗಲ ಕತ್ತರಿಸಿ, ಹೊಸ ಮಣ್ಣು ತುಂಬಿದರೆ ಅದೇ ಗಿಡ ಮತ್ತೆ ಹೊಸದಾಗುತ್ತದೆ.

ಸವರುವುದೇ ಕೃಷಿ

ಈ ಗಿಡಕ್ಕೆ ನೀರು, ಗೊಬ್ಬರಗಳಿಗಿಂತ ಮುಖ್ಯವಾದದ್ದು ಕತ್ತರಿ. ಹಲವರ ಹಿತ್ತಲಿನಲ್ಲಿ ಚಕ್ರಮುನಿ ಎಂಟು ಅಡಿ ಎತ್ತರಕ್ಕೆ ಬೆಳೆದು, ಬುಡದಿಂದ ಎದೆಯೆತ್ತರದವರೆಗೆ ಬೋಳಾಗಿ, ತುದಿಯಲ್ಲಿ ಮಾತ್ರ ನಾಲ್ಕು ಎಲೆ ಹೊತ್ತು ನಿಂತಿರುವುದನ್ನು ಕಂಡಿದ್ದೇನೆ. ಅವರು ಗಿಡದ ಮೇಲಿನ ಮಮತೆಯಿಂದಲೇ ಕತ್ತರಿ ತಾಗಿಸಿರುವುದಿಲ್ಲ. ಎಲೆಗಳನ್ನು ಒಂದೊಂದಾಗಿ ಕಿತ್ತು, ಕಡ್ಡಿಯನ್ನು ಹಾಗೇ ಬಿಟ್ಟಿರುತ್ತಾರೆ. ಎಲೆ ಕಿತ್ತ ಕಡ್ಡಿ ಚಿಗುರುವುದು ನಿಧಾನ, ಕಡ್ಡಿಯನ್ನೇ ಕತ್ತರಿಸಿದರೆ ಕೆಳಗಿನ ಗೆಣ್ಣುಗಳಿಂದ ಎರಡು ಮೂರು ಹೊಸ ರೆಂಬೆ ಒಡೆಯುತ್ತವೆ. ಆದ್ದರಿಂದ ಕೊಯ್ಲು ಮಾಡುವಾಗ ಎಲೆ ಕೀಳಬೇಡಿ, ತುದಿಯಿಂದ ಒಂದು ಗೇಣು ಉದ್ದದ ರೆಂಬೆಯನ್ನೇ ಕತ್ತರಿಸಿ.

ಸವರುವಿಕೆಯನ್ನು ಗಿಡ ಮೊಣಕಾಲೆತ್ತರವಿದ್ದಾಗಲೇ ಆರಂಭಿಸಬೇಕು. ನೆಲಕ್ಕೆ ಇಳಿಸಿ ಎರಡು ತಿಂಗಳಾದ ಬಳಿಕ ಮುಖ್ಯ ಕಾಂಡದ ತುದಿಯನ್ನು ಚಿವುಟಿದರೆ ಪಕ್ಕದ ರೆಂಬೆಗಳು ಹೊರಡುತ್ತವೆ. ಅವು ಗೇಣುದ್ದ ಬೆಳೆದಾಗ ಅವುಗಳ ತುದಿಯನ್ನೂ ಚಿವುಟಬೇಕು. ಮೂರು ನಾಲ್ಕು ತಿಂಗಳಲ್ಲಿ ಗಿಡ ಪೊದೆಯಾಗಿ ತುಂಬಿಕೊಂಡ ಮೇಲೆ ಮೊದಲ ನಿಜವಾದ ಕೊಯ್ಲು. ಆ ಬಳಿಕ ಗಿಡವನ್ನು ಸೊಂಟದೆತ್ತರಕ್ಕಿಂತ ಮೇಲೆ ಹೋಗಲು ಬಿಡಬಾರದು. ಒಂದು ಸಲಕ್ಕೆ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ, ಈ ವಾರ ಒಂದು ಗಿಡ, ಮುಂದಿನ ವಾರ ಇನ್ನೊಂದು ಗಿಡ ಎಂದು ಸರದಿ ಇಟ್ಟುಕೊಂಡರೆ, ಮೊದಲ ಗಿಡಕ್ಕೆ ಮರಳಿ ಬರುವಷ್ಟರಲ್ಲಿ ನಾಲ್ಕೈದು ವಾರ ಕಳೆದು ಅದು ಮತ್ತೆ ತುಂಬಿರುತ್ತದೆ. ವರ್ಷಕ್ಕೊಮ್ಮೆ, ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಬಳಿಕ, ಇಡೀ ಗಿಡವನ್ನು ಒಂದೂವರೆ ಅಡಿಗೆ ಇಳಿಸಬೇಕು. ಕೈ ನಡುಗುವಷ್ಟು ಕಠಿಣ ಅನ್ನಿಸಿದರೂ ಇದನ್ನು ಮಾಡಲೇಬೇಕು. ಮೂರು ವಾರದಲ್ಲಿ ಬುಡದಿಂದಲೇ ಹೊಸ ಕಾಂಡಗಳು ಏಳುತ್ತವೆ. ಹೀಗೆ ಇಳಿಸಿದಾಗ ಸಿಗುವ ಕಡ್ಡಿಗಳೇ ನೆರೆಹೊರೆಯವರಿಗೆ ಹಂಚುವುದಕ್ಕೂ ಹೊಸ ಸಾಲು ಮಾಡುವುದಕ್ಕೂ ಸರಿಹೋಗುತ್ತವೆ.

ಸೊಪ್ಪನ್ನು ಪದೇ ಪದೇ ಕೊಯ್ಯುವ ಗಿಡಕ್ಕೆ ತಿರುಗಿ ಏನನ್ನಾದರೂ ಕೊಡಬೇಕಲ್ಲವೆ? ಎರಡು ತಿಂಗಳಿಗೊಮ್ಮೆ ಗಿಡಕ್ಕೆ ಅರ್ಧ ಬುಟ್ಟಿ ಎರೆಗೊಬ್ಬರ ಅಥವಾ ಕೊಟ್ಟಿಗೆ ಗೊಬ್ಬರ ಹಾಕಿ ಮಣ್ಣು ಏರಿಸಿ. ಕಡಲೆ ಹಿಂಡಿಯನ್ನು ಮೂರು ದಿನ ನೀರಿನಲ್ಲಿ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಿದರೆ ಚಿಗುರು ಬೇಗ ಬರುತ್ತದೆ. ಜೀವಾಮೃತ ಮಾಡುವ ಮನೆಯವರು ಅದನ್ನೇ ಕೊಡಬಹುದು. ಬೇಸಿಗೆಯಲ್ಲಿ ಬುಡದ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ತರಗೆಲೆ ಹೊದಿಸಿದರೆ ವಾರಕ್ಕೆರಡು ಬಾರಿ ನೀರು ಹಾಕಿದರೂ ಸಾಲುತ್ತದೆ.

ರೋಗ, ಕೀಟಗಳ ಕಾಟ ಬಹಳ ಕಡಿಮೆ. ಬೇಸಿಗೆಯಲ್ಲಿ ರೆಂಬೆಯ ಸಂದುಗಳಲ್ಲಿ ಬಿಳಿಯ ಹಿಟ್ಟುತಿಗಣೆ ಕಾಣಿಸಿಕೊಳ್ಳುವುದುಂಟು. ಇರುವೆಗಳು ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ತಿಗಣೆ ಬಂದಿದೆಯೆಂದೇ ತಿಳಿದು ರೆಂಬೆಯ ತಳ ನೋಡಬೇಕು. ಹತ್ತಿದ ರೆಂಬೆಯನ್ನು ಕತ್ತರಿಸಿ ಸುಟ್ಟು, ಉಳಿದ ಗಿಡಕ್ಕೆ ನೀರನ್ನು ರಭಸವಾಗಿ ಹಾಯಿಸಿದರೆ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ನೀರು ಕಲಸಿ ಸಂಜೆ ಸಿಂಪಡಿಸಿ, ಒಂದು ವಾರ ಆ ಗಿಡದ ಸೊಪ್ಪು ಕೊಯ್ಯದಿರಿ. ರಾಸಾಯನಿಕ ಕೀಟನಾಶಕ ಸಿಂಪಡಿಸಬೇಕಾದಂತಹ ಸಂದರ್ಭ ನಮ್ಮ ಹಿತ್ತಲಿನಲ್ಲಿ ಈವರೆಗೆ ಬಂದಿಲ್ಲ.

ಹಿಮ ಬೀಳುವ ದೇಶಗಳಲ್ಲಿರುವವರು ಇದನ್ನು ನೆಲದಲ್ಲಿ ನೆಡುವಂತಿಲ್ಲ. ಕುಂಡದಲ್ಲಿ ಬೆಳೆಸಿ, ಚಳಿಗಾಲದಲ್ಲಿ ಮನೆಯೊಳಗಿನ ಬೆಳಕಿನ ಕಿಟಕಿಯ ಬಳಿ ಇರಿಸಿ, ನೀರು ಕಡಿಮೆ ಮಾಡಬೇಕು. ಅಮೆರಿಕದ ಫ್ಲಾರಿಡಾದ ದಕ್ಷಿಣ ಭಾಗದಂತಹ ಬೆಚ್ಚನೆಯ ಜಾಗಗಳಲ್ಲಿ ಮಾತ್ರ ಇದನ್ನು ಹಿತ್ತಲಿನ ಗಿಡವಾಗಿಯೇ ಬೆಳೆಸುತ್ತಾರೆ.

ಹಸಿಯಾಗಿ ಬೇಡ: ತೈವಾನಿನಲ್ಲಿ ನಡೆದದ್ದು

ಚಕ್ರಮುನಿಯ ಹಸಿ ಎಲೆಯನ್ನು ಬಾಯಿಗೆ ಹಾಕಿಕೊಂಡರೆ ಎಳೆಯ ಬಟಾಣಿಯಂತಹ ಸವಿ ಇರುತ್ತದೆ. ಈ ಸವಿಯ ಜೊತೆಗೆ ವಿಟಮಿನ್ ಎಂಬ ಹೆಸರೂ ಸೇರಿಕೊಂಡಿದ್ದರಿಂದ, ಬೆಳಗ್ಗೆ ಎದ್ದು ಹತ್ತಿಪ್ಪತ್ತು ಎಲೆ ಜಗಿಯುವ, ಇಲ್ಲವೇ ಮಿಕ್ಸಿಗೆ ಹಾಕಿ ರಸ ಮಾಡಿ ಖಾಲಿ ಹೊಟ್ಟೆಗೆ ಕುಡಿಯುವ ಸಲಹೆಗಳು ಹರಿದಾಡುತ್ತಿರುತ್ತವೆ. ದಯವಿಟ್ಟು ಇದನ್ನು ಮಾಡಬೇಡಿ, ಬೇರೆಯವರಿಗೆ ಹೇಳಲೂಬೇಡಿ.

1994 ಮತ್ತು 1995ರಲ್ಲಿ ತೈವಾನಿನಲ್ಲಿ ತೂಕ ಇಳಿಯುತ್ತದೆಂಬ ನಂಬಿಕೆಯಿಂದ ಈ ಗಿಡದ ಹಸಿ ಎಲೆಯ ರಸವನ್ನು ಸೀಬೆ, ಅನಾನಸ್ ಮುಂತಾದ ಹಣ್ಣಿನ ರಸದೊಡನೆ ಬೆರೆಸಿ ಕುಡಿಯುವ ಗೀಳು ಹಬ್ಬಿತು. ದಿನಕ್ಕೆ 100 ಗ್ರಾಂಗೂ ಮಿಕ್ಕಿ ಎಲೆಯನ್ನು ವಾರಗಟ್ಟಲೆ ಹೀಗೆ ಸೇವಿಸಿದವರಲ್ಲಿ ನಿದ್ರೆಗೇಡು, ಕೆಮ್ಮು, ದಿನೇ ದಿನೇ ಹೆಚ್ಚುವ ಉಸಿರಾಟದ ತೊಂದರೆ ಕಾಣಿಸಿಕೊಂಡವು. ಇನ್ನೂರಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಹಿಳೆಯರು, ರೋಗಿಗಳಾದರು. ಶ್ವಾಸಕೋಶದ ಅತಿ ಸಣ್ಣ ಗಾಳಿನಾಳಗಳು ಗಾಯಗೊಂಡು, ಕಲೆಗಟ್ಟಿ, ಮುಚ್ಚಿಹೋಗುವ ಬ್ರಾಂಕಿಯೋಲೈಟಿಸ್ ಆಬ್ಲಿಟೆರಾನ್ಸ್ ಎಂಬ ಕಾಯಿಲೆ ಅದಾಗಿತ್ತು. ಸೊಪ್ಪು ತಿನ್ನುವುದನ್ನು ನಿಲ್ಲಿಸಿದ ಮೇಲೂ ಮುಚ್ಚಿದ ನಾಳಗಳು ತೆರೆಯಲಿಲ್ಲ. ಕೆಲವರಿಗೆ ಶ್ವಾಸಕೋಶದ ಕಸಿ ಮಾಡಬೇಕಾಯಿತು, ಕೆಲವರು ತೀರಿಕೊಂಡರು. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ತಲೆಮಾರುಗಳಿಂದ ಇದೇ ಸೊಪ್ಪನ್ನು ಬೇಯಿಸಿ, ಊಟದ ಒಂದು ಪಲ್ಯವಾಗಿ ತಿನ್ನುತ್ತಾ ಬಂದಿದ್ದಾರೆ. ಗಿಡ ಅದೇ ಆದರೂ ತಿನ್ನುವ ರೀತಿ ಮತ್ತು ಪ್ರಮಾಣ ಬೇರೆಯಾಗಿತ್ತು.

ಹೀಗಾಗಿ ನಮ್ಮ ಮನೆಯಲ್ಲಿ ಮೂರು ನಿಯಮ ಇಟ್ಟುಕೊಂಡಿದ್ದೇವೆ. ಹಸಿಯಾಗಿ ಯಾರೂ ತಿನ್ನುವುದಿಲ್ಲ, ಮಕ್ಕಳು ಆಟದ ನಡುವೆ ಎಲೆ ಕಿತ್ತು ಜಗಿಯುವುದಕ್ಕೂ ಬಿಡುವುದಿಲ್ಲ. ವಾರಕ್ಕೆ ಒಂದು ಬಾರಿ, ಹೆಚ್ಚೆಂದರೆ ಎರಡು ಬಾರಿ, ನಾಲ್ಕು ಜನರಿಗೆ ಸೇರಿ 100 ಗ್ರಾಂ ಬಿಡಿಸಿದ ಎಲೆ. ಒಬ್ಬರ ಪಾಲಿಗೆ ಅದು 25 ಗ್ರಾಂ. ಮತ್ತು ಯಾವ ಅಡುಗೆಗಾದರೂ ಮೊದಲು ಕುದಿಯುವ ನೀರಿನಲ್ಲಿ ಐದಾರು ನಿಮಿಷ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲುತ್ತೇವೆ. ಬಸಿದ ನೀರಿನೊಡನೆ ಒಂದಿಷ್ಟು ಸತ್ವವೂ ಹೋಗುವುದು ನಿಜ. ಬಸ್ಸಾರು ಮಾಡುವ ಮನೆಗಳಲ್ಲಿ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವುದೆಂದರೆ ಮನಸ್ಸಿಗೆ ಒಗ್ಗದ ಮಾತು ಎಂಬುದೂ ನನಗೆ ಗೊತ್ತು. ಆದರೆ ಸತ್ವ ಪಡೆಯಲು ನುಗ್ಗೆ, ಹರಿವೆ, ಬಸಳೆ, ಹೊನಗೊನ್ನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಸ್ಸಾರಿಗೆ ಅವನ್ನೇ ಬಳಸಿ, ಚಕ್ರಮುನಿಯ ನೀರನ್ನು ಬಿಡುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ಗರ್ಭಿಣಿಯರು, ಆಸ್ತಮಾ ಅಥವಾ ಶ್ವಾಸಕೋಶದ ಬೇರೆ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ತಿನ್ನದಿರುವುದು ಕ್ಷೇಮ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಯಾವುದೇ ದಟ್ಟ ಹಸಿರು ಸೊಪ್ಪನ್ನು ಊಟದಲ್ಲಿ ಏಕಾಏಕಿ ಹೆಚ್ಚಿಸಬಾರದು, ಏಕೆಂದರೆ ಅಂತಹ ಸೊಪ್ಪುಗಳಲ್ಲಿರುವ ಕೆ ವಿಟಮಿನ್ ಆ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ. ಇಂಡೋನೇಷ್ಯಾದಲ್ಲಿ ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಈ ಸೊಪ್ಪಿನ ಸಾರು ಕೊಡುವ ವಾಡಿಕೆ ಇದೆ. ಅದನ್ನು ಕೇಳಿ ನಮ್ಮ ಬಾಣಂತಿಯರಿಗೆ ಮಾತ್ರೆ, ಕಷಾಯಗಳ ರೂಪದಲ್ಲಿ ಕೊಡಲು ಹೊರಡಬಾರದು.

ಅಡುಗೆ

ಕತ್ತರಿಸಿದ ಸೊಪ್ಪು ಬೇಗ ಬಾಡುತ್ತದೆ. ಬೆಳಗ್ಗೆ ಕೊಯ್ದದ್ದನ್ನು ಮಧ್ಯಾಹ್ನದ ಅಡುಗೆಗೆ ಬಳಸುವುದು ಉತ್ತಮ. ಆಗದಿದ್ದರೆ ರೆಂಬೆಗಳ ಬುಡವನ್ನು ನೀರು ತುಂಬಿದ ಪಾತ್ರೆಯಲ್ಲಿ ಅದ್ದಿ ನೆರಳಿನಲ್ಲಿಟ್ಟರೆ ಮರುದಿನದವರೆಗೆ ತಾಜಾ ಇರುತ್ತದೆ. ಸೊಪ್ಪು ಬಿಡಿಸುವ ಕೆಲಸ ಇದರಲ್ಲಿ ಬಹಳ ಸುಲಭ. ರೆಂಬೆಯ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳುಗಳ ನಡುವೆ ಅದನ್ನು ಬುಡದ ಕಡೆಗೆ ಸೆಳೆದರೆ ಎಲೆಗಳೆಲ್ಲ ಸರಸರನೆ ಉದುರುತ್ತವೆ. ತುದಿಯ ಎಳೆಯ ಕಡ್ಡಿ ಉಗುರಿಗೆ ಚಿವುಟಿದರೆ ಮುರಿಯುವಷ್ಟು ಮೆತ್ತಗಿದ್ದರೆ ಅದನ್ನೂ ಹೆಚ್ಚಿ ಸೇರಿಸಬಹುದು. ಹಳದಿಗೆ ತಿರುಗಿದ, ನಾರುಗಟ್ಟಿದ ಎಲೆ ಬೇಡ. ಎರಡು ಮೂರು ನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚಿ, ಮೇಲೆ ಹೇಳಿದಂತೆ ಬೇಯಿಸಿ ಬಸಿದರೆ ಅಡುಗೆಗೆ ಸಿದ್ಧ. ಬೆಂದ ಮೇಲೂ ಹಸಿರು ಮಾಸದೆ ಉಳಿಯುವುದು ಈ ಸೊಪ್ಪಿನ ವಿಶೇಷ.

ಪಲ್ಯಕ್ಕೆ ಹೆಸರುಬೇಳೆಯ ಜೊತೆ ಚೆನ್ನಾಗಿ ಹೊಂದುತ್ತದೆ. ಕಾಲು ಲೋಟ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ, ಬೇಳೆ ಒಡೆಯದಂತೆ ಬೇಯಿಸಿಟ್ಟುಕೊಳ್ಳಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಸಾಸಿವೆ, ಉದ್ದಿನಬೇಳೆ, ಎರಡು ಒಣಮೆಣಸಿನಕಾಯಿ, ಕರಿಬೇವು ಹಾಕಿ ಒಗ್ಗರಣೆ ಮಾಡಿ, ಹೆಚ್ಚಿದ ಒಂದು ಈರುಳ್ಳಿಯನ್ನು ಬಾಡಿಸಿ. ಬಸಿದ ಸೊಪ್ಪು, ಬೇಳೆ, ಚಿಟಿಕೆ ಅರಿಶಿನ, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಮಗುಚಿ, ಕೊನೆಗೆ ಎರಡು ಚಮಚ ಕಾಯಿತುರಿ ಉದುರಿಸಿ ಇಳಿಸಿ. ಈ ಸೊಪ್ಪಿಗೆ ಸ್ವಂತದ ಸಿಹಿ ಇರುವುದರಿಂದ ಬೆಲ್ಲ ಬೇಕಿಲ್ಲ. ಬೇಕಾದರೆ ನಿಂಬೆರಸ ಹಿಂಡಬಹುದು. ಮೊಟ್ಟೆ ತಿನ್ನುವ ಮನೆಯವರು ಬೇಳೆಯ ಬದಲು ಎರಡು ಮೊಟ್ಟೆ ಒಡೆದು ಹಾಕಿ ಹುರಿಯಬಹುದು. ಮಲೇಷ್ಯಾದಲ್ಲಿ ಈ ಜೋಡಿ ಬಹು ಜನಪ್ರಿಯ.

ತಂಬುಳಿಗೆ ಎರಡು ಹಿಡಿ ಬೇಯಿಸಿ ಬಸಿದ ಸೊಪ್ಪನ್ನು ಚೆನ್ನಾಗಿ ಹಿಂಡಿ, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸಿನ ಜೊತೆ ನೀರಿನಂಶ ಆರುವವರೆಗೆ ಹುರಿಯಬೇಕು. ಆರಿದ ಮೇಲೆ ಅರ್ಧ ಬಟ್ಟಲು ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಕೊಟ್ಟರಾಯಿತು. ಒಂದೆಲಗದ ತಂಬುಳಿಗೆ ಹಸಿ ಎಲೆಯನ್ನೇ ರುಬ್ಬುವ ಅಭ್ಯಾಸ ಇರುವವರು ಇಲ್ಲಿ ಮಾತ್ರ ಕೈ ತಡೆದು, ಬೇಯಿಸುವ ಹಂತವನ್ನು ಬಿಡದಿರಬೇಕು. ಬೇಯಿಸಿ ಹಿಂಡಿದ ಸೊಪ್ಪನ್ನು ಅಕ್ಕಿರೊಟ್ಟಿಯ ಹಿಟ್ಟಿಗೂ, ತೊಗರಿಬೇಳೆಯ ಹುಳಿಗೂ ಸೇರಿಸಬಹುದು. ಅವುಗಳ ಕ್ರಮ ಬೇರೆ ಸೊಪ್ಪುಗಳಂತೆಯೇ.

ಕಡ್ಡಿ ಕೊಡುವಾಗ

ಮೇ ತಿಂಗಳಲ್ಲಿ ಗಿಡ ಇಳಿಸಿದಾಗ ಪ್ರತಿ ಗಿಡದಿಂದ ಹತ್ತು ಹದಿನೈದು ಒಳ್ಳೆಯ ಕಡ್ಡಿ ಸಿಗುತ್ತವೆ. ಕೇಳಿದವರಿಗೆಲ್ಲ ಅವನ್ನು ಕೊಡುತ್ತೇನೆ. ಕೊಡುವಾಗ ಓರೆ ಕತ್ತರಿಸಿದ ತುದಿ ಮಣ್ಣಿಗೆ ಎಂದು ತೋರಿಸುತ್ತೇನೆ. ಕಡ್ಡಿ ಸುತ್ತಿದ ಕಾಗದದ ಮೇಲೆ ಬೇಯಿಸಿಯೇ ತಿನ್ನಿ, ವಾರಕ್ಕೆರಡು ಬಾರಿಗಿಂತ ಹೆಚ್ಚು ಬೇಡ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕಟ್ಟುತ್ತೇನೆ. ಕಡ್ಡಿ ಒಯ್ದವರು ಮುಂದೆ ಇನ್ನೊಬ್ಬರಿಗೆ ಕೊಡುವಾಗ ಆ ಚೀಟಿಯನ್ನೂ ಸೇರಿಸಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.